ವಿದೇಶದ ಬೋರ್ಡಿಂಗ್ ಸ್ಕೂಲ್‌ಗೆ ಬೆಂಗಳೂರಿನಿಂದ: ಅರ್ಜಿಯಿಂದ ಮೊದಲ ರಜೆಯವರೆಗೆ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ನನಗೆ ಒಂದೇ ತರದ ಫೋನ್‌ಗಳು ಬರುತ್ತವೆ. "ಮಗಳನ್ನ ಹೊರಗೆ ಓದಿಸೋಣ ಅಂತಿದ್ದೀವಿ, ಆಗಸ್ಟ್‌ಗೆ ಸೀಟ್ ಸಿಗುತ್ತಾ?" ಆ ಹೊತ್ತಿಗೆ ಒಳ್ಳೆಯ ಶಾಲೆಗಳ ಬಾಗಿಲು ಮುಚ್ಚಿರುತ್ತದೆ. ಸ್ಕಾಲರ್‌ಶಿಪ್ ಮಾತಂತೂ ಮುಗಿದೇ ಹೋಗಿರುತ್ತದೆ. ನಾನು 10ನೇ ತರಗತಿಯನ್ನು ಇಲ್ಲೇ ಮುಗಿಸಿ, ಮುಂದಿನ ಎರಡು ವರ್ಷ ಯುರೋಪಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಓದಿದವಳು. ಕೇಳಿದವರಿಗೆಲ್ಲ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದು 9 ಅಥವಾ 10ನೇ ತರಗತಿಯಲ್ಲಿದ್ದು, 11-12ಕ್ಕೆ ಹೊರಗೆ ಹೋಗಬೇಕೆಂದಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ. ಅದಕ್ಕಿಂತ ಚಿಕ್ಕ ಮಕ್ಕಳನ್ನು ಕಳಿಸುವುದರ ಬಗ್ಗೆ ನನಗೆ ಅಷ್ಟು ಒಲವಿಲ್ಲ.

ಹಂತ 1: ಮೊದಲು 12ರ ಆಚೆಗೆ ನೋಡಿ

ಎಲ್ಲರೂ ಶಾಲೆಯ ವೆಬ್‌ಸೈಟ್‌ನಿಂದ ಶುರು ಮಾಡುತ್ತಾರೆ. ಹಸಿರು ಮೈದಾನ, ಈಜುಕೊಳ, ನಗುವ ಮಕ್ಕಳು. ಅದನ್ನು ಆಮೇಲೆ ನೋಡಿದರಾಯಿತು. 12 ಮುಗಿದ ಮೇಲೆ ಮಗು ಎಲ್ಲಿ ಓದಬೇಕು ಅಂತಿದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಉಳಿದ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಹೊರಗಿನ ಶಾಲೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕೋರ್ಸ್ ಇರುತ್ತದೆ.

ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಡಿಪ್ಲೊಮಾ, ಎರಡು ವರ್ಷದ್ದು. ಆರು ವಿಷಯ, ಒಂದೊಂದಕ್ಕೂ 7 ಅಂಕ. ಜೊತೆಗೆ 4,000 ಪದಗಳ ಮಿತಿಯ ಒಂದು ಸಂಶೋಧನಾ ಪ್ರಬಂಧ ಮತ್ತು 'ನಮಗೆ ಗೊತ್ತಿರುವುದು ಹೇಗೆ ಗೊತ್ತಾಯಿತು' ಅಂತ ಚರ್ಚಿಸುವ ಒಂದು ಪೇಪರ್. ಇವೆರಡೂ ಸೇರಿ 3 ಅಂಕ. ಹೀಗೆ ಒಟ್ಟು 45. ಆಟ, ಕಲೆ, ಸಮಾಜಸೇವೆಗೂ ಕಡ್ಡಾಯವಾಗಿ ಸಮಯ ಕೊಡಬೇಕು.

ಎ ಲೆವೆಲ್ ಬ್ರಿಟಿಷ್ ಪದ್ಧತಿ. ಮೂರು ಅಥವಾ ನಾಲ್ಕೇ ವಿಷಯ, ಆದರೆ ಆಳ ಜಾಸ್ತಿ. ಅಮೆರಿಕದ ಹೈಸ್ಕೂಲ್ ಡಿಪ್ಲೊಮಾದಲ್ಲಿ ಕೊನೆಯ ಒಂದು ದೊಡ್ಡ ಪರೀಕ್ಷೆಗಿಂತ ವರ್ಷವಿಡೀ ಗಳಿಸಿದ ಗ್ರೇಡ್‌ಗಳೇ ಮುಖ್ಯ.

ವಾಪಸ್ ಬಂದು ಇಲ್ಲೇ ಡಿಗ್ರಿ ಮಾಡುವ ಯೋಚನೆ ಇದ್ದರೆ ಸ್ವಲ್ಪ ನಿಧಾನಿಸಿ. ಜನ ಎಡವುವುದು ಇಲ್ಲೇ.

ಮೊದಲನೆಯದು ಮೆಡಿಕಲ್. ನೀಟ್ ಬರೆಯುವವರು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಓದಿರಬೇಕು. ಐಬಿಯಲ್ಲಿ ವಿಷಯಗಳನ್ನು ಆರು ಗುಂಪು ಮಾಡಿದ್ದಾರೆ, ಪ್ರತಿ ಗುಂಪಿನಿಂದ ಒಂದು ಆರಿಸಬೇಕು. ಕಲೆಯ ಗುಂಪನ್ನು ಬಿಟ್ಟು ಇನ್ನೊಂದು ವಿಜ್ಞಾನ ತೆಗೆದುಕೊಳ್ಳಬಹುದು. ಅಲ್ಲಿಗೆ ಎರಡಾಯಿತು. ಮೂರನೆಯ ವಿಜ್ಞಾನ ಬೇಕೆಂದರೆ ಶಾಲೆ ಐಬಿಯಿಂದ ವಿಶೇಷ ಅನುಮತಿ ತರಿಸಬೇಕು. ಅಡ್ಮಿಷನ್ ಆದ ಮೇಲೆ ಕೇಳುವ ಪ್ರಶ್ನೆ ಅಲ್ಲ ಇದು. ಅರ್ಜಿ ಹಾಕುವ ಮುಂಚೆಯೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಎರಡನೆಯದು ಸಿಇಟಿ. ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳುವ ಸಾಮಾನ್ಯ ನಿಯಮ ಇದು: 1ರಿಂದ 12ರೊಳಗೆ ಕನಿಷ್ಠ 7 ವರ್ಷ ಈ ರಾಜ್ಯದಲ್ಲಿ ಓದಿರಬೇಕು, 10 ಅಥವಾ 12ನ್ನು ಇಲ್ಲಿ ಪಾಸಾಗಿರಬೇಕು. ಅಂದರೆ 10ನ್ನು ಇಲ್ಲೇ ಮುಗಿಸಿ ಹೋಗುವುದಕ್ಕೂ 8ಕ್ಕೇ ಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಕೆಇಎ, ಅಂದರೆ ನಮ್ಮ ಪರೀಕ್ಷಾ ಪ್ರಾಧಿಕಾರ, ಪ್ರತಿ ವರ್ಷ ಮಾಹಿತಿ ಪುಸ್ತಿಕೆ ಹೊರಡಿಸುತ್ತದೆ. ಕಳಿಸುವ ಮುಂಚೆ ಒಮ್ಮೆ ಓದಿ.

ಮೂರನೆಯದು ತತ್ಸಮಾನ ಪ್ರಮಾಣಪತ್ರ. ಹೊರಗಿನ ಪರೀಕ್ಷೆ ನಮ್ಮ 12ಕ್ಕೆ ಸಮ ಅಂತ ದೆಹಲಿಯ ಎಐಯು, ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ, ಬರೆದುಕೊಡುತ್ತಿತ್ತು. 2025ರಲ್ಲಿ ಯುಜಿಸಿ ಇದಕ್ಕೆ ಹೊಸ ನಿಯಮ ತಂದಿದೆ, ಈಗ ಯಾರು ಕೊಡುತ್ತಾರೆ ಅಂತ ನೋಡಿಕೊಳ್ಳಿ. ಐಬಿಯ ಮೇ ಪರೀಕ್ಷೆಯ ಫಲಿತಾಂಶ ಬರುವುದು ಜುಲೈ ಮೊದಲ ವಾರ. ಅಷ್ಟರಲ್ಲಿ ಇಲ್ಲಿ ಎಷ್ಟೋ ಕಾಲೇಜುಗಳ ಅಡ್ಮಿಷನ್ ಅರ್ಧ ಮುಗಿದಿರುತ್ತದೆ. ಹಾಗಾಗಿ ಬೇಕಾದ ಕಾಲೇಜು ಈ ಪರೀಕ್ಷೆಯವರನ್ನು ಹೇಗೆ ತೆಗೆದುಕೊಳ್ಳುತ್ತದೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಹಂತ 2: ಶಾಲೆ, ಅರ್ಜಿ, ಮತ್ತು ಆ ಒಂದು ಪತ್ರ

ಒಂದು ವರ್ಷ ಮುಂಚೆ ಶುರು ಮಾಡಿ. ಒಂದೂವರೆ ವರ್ಷ ಸಿಕ್ಕಿದರೆ ಇನ್ನೂ ಒಳ್ಳೆಯದು. ಉತ್ತರ ಗೋಳಾರ್ಧದ ಶಾಲೆಗಳು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ತೆರೆಯುತ್ತವೆ. ಅರ್ಜಿ, ಪರೀಕ್ಷೆ, ವಿಡಿಯೊ ಸಂದರ್ಶನ ಎಲ್ಲ ಅದರ ಹಿಂದಿನ ಶರತ್ಕಾಲ, ಚಳಿಗಾಲದಲ್ಲೇ ನಡೆದುಹೋಗುತ್ತವೆ.

ದುಡ್ಡು ಕಡಿಮೆ ಇದ್ದು ಹುಡುಗ ಅಥವಾ ಹುಡುಗಿ ಚುರುಕಾಗಿದ್ದರೆ, ಮೊದಲು ನೋಡಬೇಕಾದ್ದು ಯುನೈಟೆಡ್ ವರ್ಲ್ಡ್ ಕಾಲೇಜಸ್. ಜನ ಯುಡಬ್ಲ್ಯುಸಿ ಅನ್ನುತ್ತಾರೆ. 1962ರಲ್ಲಿ ವೇಲ್ಸ್‌ನ ಒಂದು ಹಳೇ ಕೋಟೆಯಲ್ಲಿ ಮೊದಲ ಕಾಲೇಜು ಶುರುವಾಯಿತು. ಈಗ ನಾರ್ವೆ, ಇಟಲಿ, ಕೆನಡಾ, ಅರ್ಮೇನಿಯಾ, ಸಿಂಗಪುರ ಹೀಗೆ ಹಲವು ಕಡೆ ಇವೆ. ಪುಣೆಯ ಹತ್ತಿರವೂ ಒಂದಿದೆ. ಭಾರತದ ವಿದ್ಯಾರ್ಥಿಗಳನ್ನು ಇಲ್ಲಿನ ರಾಷ್ಟ್ರೀಯ ಸಮಿತಿ ಆಯ್ಕೆ ಮಾಡುತ್ತದೆ. ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಬರೀ ಅಂಕ ನೋಡುವುದಿಲ್ಲ, ಹಾಗಂತ ಟ್ಯೂಷನ್ ತೆಗೆದುಕೊಂಡು ಕಲಿಯುವಂಥದ್ದೂ ಅಲ್ಲ. ಬಾಯಿಪಾಠ ಮಾಡಿದ ಉತ್ತರ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಏಜೆಂಟ್ ಬೇಕಾ? ಕೆಲವರು ಚೆನ್ನಾಗಿ ಮಾಡಿಕೊಡುತ್ತಾರೆ. ಆದರೆ ಅನೇಕರಿಗೆ ಶಾಲೆಯಿಂದಲೇ ಕಮಿಷನ್ ಬರುತ್ತದೆ. ಹಾಗಾಗಿ ಅವರು ತೋರಿಸುವ ಪಟ್ಟಿಯಲ್ಲಿ ಕಮಿಷನ್ ಕೊಡದ ಶಾಲೆ ಇರುವುದಿಲ್ಲ. ಸುಮ್ನೆ ನೇರವಾಗಿ ಕೇಳಿ, "ನಿಮಗೆ ಶಾಲೆಯಿಂದ ಎಷ್ಟು ಬರುತ್ತೆ?" ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರೆ ಬೇರೆಯವರನ್ನು ನೋಡಿ.

ಬೆಂಗಳೂರಿನ ಶಾಲೆಗಳಲ್ಲಿ ಜಾಸ್ತಿ ತಡವಾಗುವುದು ಟೀಚರ್ ಕೊಡುವ ಶಿಫಾರಸು ಪತ್ರ. ನಮ್ಮಲ್ಲಿ ಲೆಟರ್‌ಹೆಡ್ ಮೇಲೆ "ಇವರ ನಡತೆ ಉತ್ತಮ" ಅಂತ ನಾಲ್ಕು ಸಾಲು ಬರೆದು, ಸೀಲ್ ಒತ್ತಿ, ಮಗುವಿನ ಕೈಗೇ ಕೊಡುತ್ತಾರೆ. ಹೊರಗಿನವರಿಗೆ ಅದು ಸಾಲದು. ಟೀಚರ್ ತಮ್ಮ ಶಾಲೆಯ ಇಮೇಲ್‌ನಿಂದ ನೇರವಾಗಿ, ಗುಟ್ಟಾಗಿ ಕಳಿಸಬೇಕು. ಮಗು ಹೇಗೆ ಯೋಚಿಸುತ್ತದೆ, ಗುಂಪಿನಲ್ಲಿ ಹೇಗಿರುತ್ತದೆ, ಸೋತಾಗ ಏನು ಮಾಡುತ್ತದೆ ಅಂತ ಉದಾಹರಣೆ ಸಮೇತ ಬರೆಯಬೇಕು. ಎಷ್ಟೋ ಟೀಚರ್‌ಗಳಿಗೆ ಶಾಲೆಯ ಇಮೇಲೇ ಇರುವುದಿಲ್ಲ. ಆದ್ದರಿಂದ ದಸರಾ ರಜೆಗೆ ಮುಂಚೆಯೇ ಹೋಗಿ ಮಾತಾಡಿ. ಹೊರಗಿನ ಶಾಲೆ ಕೇಳುವ ಪ್ರಶ್ನೆಗಳ ಪ್ರತಿಯನ್ನು ಮಿಸ್‌ಗೆ ಕೊಟ್ಟುಬನ್ನಿ. ಪರೀಕ್ಷೆ ಪೇಪರ್ ತಿದ್ದುವ ಕಾಲದಲ್ಲಿ ಹೋಗಿ ಒತ್ತಾಯ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಪಿಯುಸಿ ತರಗತಿಗಳು ಹೊರಗಿನ ಶಾಲೆಗಿಂತ ತಿಂಗಳುಗಳ ಮುಂಚೆ ಶುರುವಾಗುತ್ತವೆ. ವೀಸಾ ಕೈಗೆ ಬರುವವರೆಗೆ ಇಲ್ಲೊಂದು ಸೀಟ್ ಇರಲಿ ಅಂತ ಎಲ್ಲರೂ ಸೇರಿಸುತ್ತಾರೆ, ಅದು ತಪ್ಪಲ್ಲ. ಆದರೆ ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್, ಟಿಸಿ ಇಟ್ಟುಕೊಳ್ಳುತ್ತಾರೆ. ಬಿಟ್ಟು ಹೋಗುವಾಗ ಎಷ್ಟು ಫೀಸ್ ವಾಪಸ್, ಒರಿಜಿನಲ್ ಎಷ್ಟು ದಿನಕ್ಕೆ ವಾಪಸ್ ಅಂತ ಸೇರುವ ದಿನವೇ ಬರೆಸಿಕೊಳ್ಳಿ. ಅಟೆಸ್ಟ್ ಮಾಡಿಸಿದ ಜೆರಾಕ್ಸ್ ಒಂದಿಷ್ಟು ಮನೆಯಲ್ಲಿರಲಿ.

ಹಂತ 3: ಪಾಸ್‌ಪೋರ್ಟ್, ಅದರಲ್ಲೂ ಹೆಸರು

ನಮ್ಮ ಕಡೆಯ ಹೆಸರುಗಳು ಇನಿಷಿಯಲ್ ಮೇಲೆ ನಡೆಯುತ್ತವೆ, ಅಲ್ವಾ? ಮಾರ್ಕ್ಸ್ ಕಾರ್ಡ್‌ನಲ್ಲಿ 'ಅನನ್ಯ ಎಚ್. ಎಸ್.', ಆಧಾರ್‌ನಲ್ಲಿ 'ಅನನ್ಯ', ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ತರ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಚ್ ಅಂದರೆ ಹಾಸನವೋ ಹೊಳೆನರಸೀಪುರವೋ, ಎಸ್ ಅಂದರೆ ಅಪ್ಪನ ಹೆಸರೋ ಅಂತ ಮನೆಯಲ್ಲಿ ಕೂತು ಮೊದಲೇ ತೀರ್ಮಾನಿಸಿ.

ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದೆ ತೊಂದರೆ. ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಹೆಸರು ಗೊತ್ತಿಲ್ಲ', ಅಂತ ಹಾಕುತ್ತಾರೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರ ಮೇಲೆ ಯುಎಇ 2022ರಲ್ಲಿ ನಿರ್ಬಂಧ ಹಾಕಿದೆ. ದುಬೈ ಮೇಲೆ ಹೋಗುವವರು ಇದನ್ನು ಮರೆಯಬಾರದು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರ ಆಚೀಚೆ ಇಲ್ಲದೆ, ಶಾಲೆಯ ಅರ್ಜಿಯಲ್ಲೂ ಟಿಕೆಟ್‌ನಲ್ಲೂ ಬರೆಯಿರಿ. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಬೇರೆ ತರ ಇದ್ದರೆ, ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಡಿ.

ಅವಧಿಯದ್ದು ಇನ್ನೊಂದು ಗುಂಡಿ. 18ರ ಒಳಗಿನವರ ಪಾಸ್‌ಪೋರ್ಟ್ 5 ವರ್ಷಕ್ಕೆ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಷ್ಟಕ್ಕೆ. 15 ದಾಟಿದವರು 10 ವರ್ಷದ್ದನ್ನು ಕೇಳಬಹುದು. ಅದನ್ನೇ ಕೇಳಿ. ಇಲ್ಲದಿದ್ದರೆ 12ನೇ ತರಗತಿಯ ಮಧ್ಯದಲ್ಲಿ, ಪರೀಕ್ಷೆ ಹತ್ತಿರ ಬಂದಿರುವಾಗ, ಮಗು ರೈಲು ಹತ್ತಿ ಆ ದೇಶದ ರಾಜಧಾನಿಯ ಭಾರತೀಯ ರಾಯಭಾರ ಕಚೇರಿಗೆ ಓಡಬೇಕಾಗುತ್ತದೆ.

ಲಾಲ್‌ಬಾಗ್ ರಸ್ತೆ ಅಥವಾ ಮಾರತ್‌ಹಳ್ಳಿಯ ಸೇವಾ ಕೇಂದ್ರಕ್ಕೆ ಹೋಗುವಾಗ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ 'ಅನೆಕ್ಷರ್ ಡಿ' ಒಪ್ಪಿಗೆ ಪತ್ರ ಬೇಕು.

ಕೆಲವು ದೇಶಗಳು ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್‌ಗಳಿಗೆ ಅಪೊಸ್ಟಿಲ್ ಕೇಳುತ್ತವೆ. 'ಈ ಕಾಗದ ಅಸಲಿ' ಅಂತ ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ ಅದು. ಸಚಿವಾಲಯದ ಶುಲ್ಕ ಕಾಗದಕ್ಕೆ 50 ರೂಪಾಯಿ ಮಾತ್ರ. ಆದರೆ ಅದಕ್ಕೆ ಮುಂಚೆ ರಾಜ್ಯ ಮಟ್ಟದಲ್ಲಿ ದೃಢೀಕರಣ ಆಗಬೇಕು. ದಿನಗಳು ಹೋಗುವುದೂ, ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುವುದೂ ಅಲ್ಲೇ.

ಹಂತ 4: ದುಡ್ಡಿನ ಲೆಕ್ಕ

ಬ್ರಿಟನ್‌ನ ಖಾಸಗಿ ಬೋರ್ಡಿಂಗ್ ಶಾಲೆಯಲ್ಲಿ ವರ್ಷದ ಫೀಸ್ 40,000 ಪೌಂಡ್ ದಾಟುವುದು ಮಾಮೂಲು. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸ್ ಮೇಲೆ 20% ವ್ಯಾಟ್ ಬಂದಿದೆ. ಶಾಲೆ ಹೇಳುವ ಮೊತ್ತದಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿ. ಇದರ ಮೇಲೆ ಡೆಪಾಸಿಟ್, ಪರೀಕ್ಷಾ ಶುಲ್ಕ, ವಿಮಾನ, ಪಾಕೆಟ್ ಮನಿ. ಜೊತೆಗೆ ಗಾರ್ಡಿಯನ್. ಟರ್ಮ್ ಮಧ್ಯದ ಒಂದು ವಾರದ ರಜೆಯಲ್ಲಿ ಹಾಸ್ಟೆಲ್ ಮುಚ್ಚುವ ಶಾಲೆಗಳು ಜಾಸ್ತಿ. ಆಗ ಮಗುವನ್ನು ಮನೆಗೆ ಕರೆದುಕೊಳ್ಳಲು, ಹುಷಾರಿಲ್ಲದಾಗ ಓಡಿಬರಲು ಅಲ್ಲೇ ವಾಸವಿರುವ ಒಬ್ಬರು ಬೇಕು. ಚಿಕ್ಕಪ್ಪನ ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದಕ್ಕೆಂದೇ ದುಡ್ಡು ತೆಗೆದುಕೊಂಡು ಕೆಲಸ ಮಾಡುವ ಸಂಸ್ಥೆಗಳಿವೆ. ಅವುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ಸಂಘದ ಹೆಸರು ಏಜಿಸ್.

ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನೋಟಿಸ್ ಷರತ್ತನ್ನು ಓದಿ. ಬ್ರಿಟನ್ನಿನಲ್ಲಿ ಮಗುವನ್ನು ಬಿಡಿಸಬೇಕೆಂದರೆ ಸಾಮಾನ್ಯವಾಗಿ ಒಂದು ಪೂರ್ತಿ ಟರ್ಮ್ ಮುಂಚೆ ಬರೆದು ತಿಳಿಸಬೇಕು. ಇಲ್ಲದಿದ್ದರೆ ಆ ಟರ್ಮ್‌ನ ಫೀಸ್ ಕಟ್ಟಲೇಬೇಕು. ಮಗು ಮೊದಲ ತಿಂಗಳಲ್ಲೇ "ನಾನಿಲ್ಲಿ ಇರಲ್ಲ" ಅಂತ ಹಠ ಹಿಡಿದಾಗ ಈ ಸಾಲು ನೆನಪಾದರೆ ಏನೂ ಪ್ರಯೋಜನ ಇಲ್ಲ.

ಹೊರದೇಶಕ್ಕೆ ದುಡ್ಡು ಕಳಿಸಲು ರಿಸರ್ವ್ ಬ್ಯಾಂಕ್‌ನ ಎಲ್‌ಆರ್‌ಎಸ್ ಎಂಬ ವ್ಯವಸ್ಥೆ ಇದೆ. ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಪ್ಯಾನ್ ಕಾರ್ಡ್, ಎ2 ಫಾರ್ಮ್, ಶಾಲೆಯ ಇನ್‌ವಾಯ್ಸ್ ಇದ್ದರೆ ಬ್ಯಾಂಕ್‌ನಲ್ಲಿ ಕೆಲಸ ಆಗುತ್ತದೆ. ವರ್ಷಕ್ಕೆ 10 ಲಕ್ಷ ದಾಟಿದ ಮೊತ್ತದ ಮೇಲೆ ಬ್ಯಾಂಕ್ ಟಿಸಿಎಸ್ ಹಿಡಿಯುತ್ತದೆ. ಇದು ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಇದರ ದರ ಬಜೆಟ್‌ನಲ್ಲಿ ಬದಲಾಗುತ್ತಿರುತ್ತದೆ, ಕಟ್ಟುವ ವಾರ ಬ್ಯಾಂಕ್‌ನಲ್ಲಿ ಕೇಳಿ.

"ಎಜುಕೇಷನ್ ಲೋನ್ ತೆಗೆದುಕೊಂಡರೆ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆಯಲ್ಲ?" ಅಂತ ಕೇಳುತ್ತಾರೆ. ಅದು 12 ಮುಗಿದ ಮೇಲಿನ ಓದಿಗೆ ಮಾತ್ರ. ಶಾಲೆಗೆ ಅನ್ವಯಿಸುವುದಿಲ್ಲ.

ಹಂತ 5: ವೀಸಾ

ದೇಶಕ್ಕೊಂದು ನಿಯಮ. ಆಯಾ ಸರ್ಕಾರದ ವೆಬ್‌ಸೈಟ್ ಬಿಟ್ಟು ಬೇರೆ ಯಾರ ಮಾತನ್ನೂ ಕೊನೆಯದು ಅಂತ ತೆಗೆದುಕೊಳ್ಳಬೇಡಿ, ನನ್ನದನ್ನೂ ಸೇರಿಸಿ.

ಬ್ರಿಟನ್‌ಗೆ ಹೋಗುವ 18ರೊಳಗಿನವರಿಗೆ 'ಚೈಲ್ಡ್ ಸ್ಟೂಡೆಂಟ್' ವೀಸಾ ಇದೆ. ಶಾಲೆ ಕೊಡುವ ದೃಢೀಕರಣ ಸಂಖ್ಯೆ, ಅನುಮೋದಿತ ಕ್ಲಿನಿಕ್‌ನಲ್ಲೇ ಮಾಡಿಸಿದ ಕ್ಷಯ ಪರೀಕ್ಷೆಯ ಪ್ರಮಾಣಪತ್ರ, ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆರೋಗ್ಯ ಶುಲ್ಕ ಅಂತ ಬೇರೆ ಕಟ್ಟಬೇಕು, 2024ರ ಫೆಬ್ರವರಿಯಿಂದ ಅದು ಮಕ್ಕಳಿಗೆ ವರ್ಷಕ್ಕೆ 776 ಪೌಂಡ್ ಆಯಿತು. ತೋರಿಸಬೇಕಾದ ದುಡ್ಡು ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರ ಆಗಬಹುದು. ಅದೂ ಮಗುವಿನ ಅಥವಾ ಅಪ್ಪ ಅಮ್ಮನ ಖಾತೆಯಲ್ಲಿ. ದೊಡ್ಡಪ್ಪ ಪ್ರೀತಿಯಿಂದ ತಮ್ಮ ಎಫ್‌ಡಿ ತೋರಿಸಿದರೂ ಲೆಕ್ಕಕ್ಕೆ ಬರುವುದಿಲ್ಲ.

ಅಮೆರಿಕಕ್ಕೆ ಎಫ್-1 ವೀಸಾ. ಶಾಲೆ ಐ-20 ಎಂಬ ಪತ್ರ ಕಳಿಸುತ್ತದೆ, ಅದನ್ನಿಟ್ಟುಕೊಂಡು ಸೆವಿಸ್, ಅಂದರೆ ಅಲ್ಲಿನ ಸರ್ಕಾರ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಇಡುವ ವ್ಯವಸ್ಥೆ, ಅದರ ಶುಲ್ಕ ಕಟ್ಟಿ ಸಂದರ್ಶನದ ದಿನ ಹಿಡಿಯಬೇಕು. ಅಲ್ಲಿನ ಸರ್ಕಾರಿ ಹೈಸ್ಕೂಲ್‌ನಲ್ಲಿ ಈ ವೀಸಾದ ಮೇಲೆ 12 ತಿಂಗಳಿಗಿಂತ ಜಾಸ್ತಿ ಓದುವಂತಿಲ್ಲ, ಖಾಸಗಿಗೆ ಈ ಮಿತಿ ಇಲ್ಲ. ಯುರೋಪಿನ ಬೇರೆ ದೇಶಗಳಿಗೆ 90 ದಿನದ ಷೆಂಗೆನ್ ಟೂರಿಸ್ಟ್ ವೀಸಾ ಸಾಲದು. ಆ ದೇಶದ ದೀರ್ಘಾವಧಿ ವೀಸಾ ಅಥವಾ ವಾಸದ ಪರವಾನಗಿ ಬೇಕು.

ಹಂತ 6: ಸೂಟ್‌ಕೇಸ್

ಅಮ್ಮಂದಿರು ಇಲ್ಲಿ ಅತಿ ಮಾಡುತ್ತಾರೆ. ಸ್ವೆಟರ್‌ಗಳನ್ನು ಇಲ್ಲಿ ರಾಶಿ ಹಾಕಿ ಕೊಳ್ಳಬೇಡಿ. ಬೆಂಗಳೂರಿನ ಡಿಸೆಂಬರ್‌ಗೆ ಅಂತ ಮಾರುವ ಜಾಕೆಟ್ ನಾರ್ವೆಯ ಅಕ್ಟೋಬರ್‌ಗೇ ಸಾಲದು. ಒಂದು ಬೆಚ್ಚಗಿನ ಕೋಟ್ ಹಾಕಿಕೊಂಡು ಹೋಗಲಿ, ಉಳಿದದ್ದು ಅಲ್ಲೇ ಕೊಳ್ಳಲಿ. ಹಳೇ ವಿದ್ಯಾರ್ಥಿಗಳು ಬಿಟ್ಟುಹೋದ ಬಟ್ಟೆಗಳೂ ಕೆಲವು ಶಾಲೆಗಳಲ್ಲಿ ಸಿಗುತ್ತವೆ.

ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ, ಹುರಿಗಡಲೆ ತೊಂದರೆ ಇಲ್ಲ. ಐರೋಪ್ಯ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಹಾಗಾಗಿ ತುಪ್ಪದ ಬಾಟಲಿ, ಧಾರವಾಡ ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಕೇಳುತ್ತಾರೆ, ಒಣಗಿಸಿ ಪುಡಿಯಲ್ಲೇ ಸೇರಿಸಿಬಿಡಿ. ರೈಸ್ ಕುಕ್ಕರ್ ಹಾಕುವ ಮುಂಚೆ ಶಾಲೆಯ ನಿಯಮ ಓದಿ. ರೂಮಿನಲ್ಲಿ ಬಿಸಿ ಮಾಡುವ ಯಾವ ವಸ್ತುವನ್ನೂ ಬಿಡದ ಕಡೆಯೇ ಹೆಚ್ಚು.

ಮಾತ್ರೆಗಳಿಗೆ ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿರಲಿ, ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಹೆಸರೂ ಇರಲಿ. 'ಡೋಲೊ' ಅಂದರೆ ಅಲ್ಲಿನ ನರ್ಸ್‌ಗೆ ಅರ್ಥವಾಗುವುದಿಲ್ಲ, 'ಪ್ಯಾರಾಸಿಟಮಾಲ್' ಅಂದರೆ ಆಗುತ್ತದೆ. ಎಷ್ಟೋ ಶಾಲೆಗಳಲ್ಲಿ ಮಾತ್ರೆಗಳನ್ನು ನರ್ಸ್ ಹತ್ತಿರವೇ ಕೊಡಬೇಕು. ಕನ್ನಡಕ ಇದ್ದರೆ ಇನ್ನೊಂದು ಜೊತೆ ಮಾಡಿಸಿ, ಅಲ್ಲಿ ದುಬಾರಿ.

ಬ್ರಿಟಿಷ್ ಶಾಲೆಯಾದರೆ ಕಾಲುಚೀಲದಿಂದ ಹಿಡಿದು ಟವೆಲ್‌ವರೆಗೆ ಪ್ರತಿಯೊಂದಕ್ಕೂ ಹೆಸರಿನ ಪಟ್ಟಿ ಹೊಲಿದಿರಬೇಕು. ಬಟ್ಟೆ ಎಲ್ಲರದೂ ಒಟ್ಟಿಗೆ ಒಗೆಯಲು ಹೋಗುತ್ತದೆ, ಹೆಸರಿಲ್ಲದ್ದು ವಾಪಸ್ ಬರುವುದಿಲ್ಲ. ಮನೆ ಹತ್ತಿರದ ಟೈಲರ್‌ಗೆ ಗಂಟು ಕೊಟ್ಟುಬಿಡಿ. ಅಂಟಿಸುವ ಪಟ್ಟಿ ಬೇಡ, ಬಿಸಿನೀರಿನ ಒಗೆತಕ್ಕೆ ಕಿತ್ತುಬರುತ್ತದೆ.

ಹಂತ 7: ಮೊದಲ ಒಂದೂವರೆ ತಿಂಗಳು

ಇನ್ನು ಮೇಲಿನದ್ದು ಹೋಗುವ ಹುಡುಗ ಹುಡುಗಿಯರಿಗೇ ಹೇಳುತ್ತೇನೆ.

ಊಟ. "ನಾನು ವೆಜಿಟೇರಿಯನ್" ಅಂದು ಸುಮ್ಮನಾಗಬೇಡ. ಮೀನು ತಿಂದರೂ ವೆಜಿಟೇರಿಯನ್ ಅಂದುಕೊಂಡವರು ಅಲ್ಲಿ ಇದ್ದಾರೆ. ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ ಅಂತ ಒಂದೊಂದಾಗಿ ಹೇಳು, ಅಡುಗೆಮನೆಯವರಿಗೆ ಬರೆದೂ ಕೊಡು. ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯದ್ದು. ಅನ್ನ, ಸಕ್ಕರೆ ಇಲ್ಲದ ಯೋಗರ್ಟ್, ಉಪ್ಪು ಎಲ್ಲ ಕಡೆ ಸಿಗುತ್ತದೆ. ಮೇಲೆ ಚಟ್ನಿಪುಡಿ ಉದುರಿಸಿಕೊಂಡರೆ ಒಂದು ಹೊತ್ತು ಕಳೆಯುತ್ತದೆ. ನನ್ನ ಮೇಜಿನಲ್ಲಿ ಈ ಪುಡಿ ಡಬ್ಬಿಗೆ ಇಟಲಿಯವಳೊಬ್ಬಳು ಕಾಯಂ ಗಿರಾಕಿಯಾಗಿದ್ದಳು, ಪಾಸ್ತಾ ಮೇಲೂ ಹಾಕಿಕೊಳ್ಳುತ್ತಿದ್ದಳು.

ಮನೆ ನೆನಪು. ಮೊದಲ ವಾರ ಎಲ್ಲ ಹೊಸದು, ಗೊತ್ತಾಗುವುದಿಲ್ಲ. ಮೂರನೇ ವಾರದ ಹೊತ್ತಿಗೆ ಅಳು ಬರುತ್ತದೆ. ಬಟ್ಟೆ ಒಗೆದಿಲ್ಲ, ಫಿಸಿಕ್ಸ್ ಹೋಂವರ್ಕ್ ಅರ್ಥವಾಗಿಲ್ಲ, ರೂಮ್‌ಮೇಟ್ ರಾತ್ರಿ ಕಿಟಕಿ ತೆರೆದಿಡುತ್ತಾಳೆ, ಎಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಇಂಥ ಸಂಜೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮನೆಗೆ ವಿಡಿಯೊ ಕಾಲ್ ಮಾಡಿದರೆ ಇನ್ನೂ ಕಷ್ಟ. ಮೊದಲು ಹೌಸ್‌ಪೇರೆಂಟ್, ಅಂದರೆ ಹಾಸ್ಟೆಲ್‌ನಲ್ಲೇ ವಾಸವಿದ್ದು ಮಕ್ಕಳನ್ನು ನೋಡಿಕೊಳ್ಳುವ ಟೀಚರ್, ಅವರ ಬಾಗಿಲು ತಟ್ಟು. ಅವರ ಕೆಲಸವೇ ಅದು. ಅಪ್ಪ ಅಮ್ಮಂದಿರೇ, ನೀವು ದಿನಕ್ಕೆ ಮೂರು ಸಲ ಫೋನ್ ಮಾಡಬೇಡಿ. ವಾರಕ್ಕೆ ಎರಡು ದಿನ ಹೊತ್ತು ಗೊತ್ತುಮಾಡಿಕೊಳ್ಳಿ. ಬ್ರಿಟನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ಐದೂವರೆ. ರಾತ್ರಿ ಫೋನ್ ತೆಗೆದಿಟ್ಟುಕೊಳ್ಳುವ ಶಾಲೆಗಳಿವೆ, ಉತ್ತರ ಬರದಿದ್ದರೆ ಗಾಬರಿಯಾಗಬೇಡಿ.

ಓದು. ನಮ್ಮಲ್ಲಿ ನೋಟ್ಸ್ ನೋಡಿ ಬರೆದರೆ ಒಳ್ಳೆಯ ಹುಡುಗಿ. ಅಲ್ಲಿ ಪುಸ್ತಕದ ಅಥವಾ ಇಂಟರ್‌ನೆಟ್ಟಿನ ಒಂದು ಪ್ಯಾರಾವನ್ನು ಮೂಲ ಹೇಳದೆ ಹಾಕಿದರೆ ಅಕ್ರಮ. ಐಬಿಯಲ್ಲಿ ಇದಕ್ಕೆ ಡಿಪ್ಲೊಮಾವೇ ಕೈತಪ್ಪಬಹುದು. ಮೂಲ ನಮೂದಿಸುವುದು ಹೇಗೆ ಅಂತ ಮೊದಲ ವಾರವೇ ಲೈಬ್ರರಿಯಲ್ಲಿ ಕೇಳಿ ಕಲಿತುಕೋ. ಇನ್ನೊಂದು, ಯೂನಿವರ್ಸಿಟಿಗಳು ಸೀಟ್ ಕೊಡುವಾಗ ನೋಡುವುದು ಟೀಚರ್‌ಗಳು ಅಂದಾಜಿಸಿ ಕೊಡುವ ಗ್ರೇಡ್‌ಗಳನ್ನು. ಆ ಅಂದಾಜು ನಿಲ್ಲುವುದು ಮೊದಲ ವರ್ಷದ ಕೆಲಸದ ಮೇಲೆ. 'ಫೈನಲ್‌ನಲ್ಲಿ ನೋಡ್ಕೋತೀನಿ' ಅನ್ನುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಕನ್ನಡ ಇಷ್ಟ ಇರುವವರಿಗೆ ಒಂದು ಮಾತು. ಐಬಿಯಲ್ಲಿ ತಾಯ್ನುಡಿಯ ಸಾಹಿತ್ಯವನ್ನು ಶಾಲೆಯ ನೆರವಿನೊಂದಿಗೆ ಸ್ವಂತವಾಗಿ ಓದಿ ಪರೀಕ್ಷೆ ಬರೆಯುವ ದಾರಿ ಇದೆ. ಕಲಿಸುವ ಟೀಚರ್ ಇಲ್ಲದ ಭಾಷೆಗಳಿಗೇ ಅದು ಇರುವುದು. ಕನ್ನಡಕ್ಕೆ ಸಾಧ್ಯವೇ ಅಂತ ಅಲ್ಲಿನ ಐಬಿ ಸಂಯೋಜಕರನ್ನು ಸೇರುವ ಮುಂಚೆಯೇ ಕೇಳು, ತಡವಾದರೆ ಆಗುವುದಿಲ್ಲ.

ಹಂತ 8: ಮೊದಲ ರಜೆಗೆ ಬರುವ ಮುಂಚೆ

ಡಿಸೆಂಬರ್ ಟಿಕೆಟ್‌ಗಳನ್ನು ಸೆಪ್ಟೆಂಬರ್‌ನಲ್ಲೇ ಮಾಡಿಸಿ. ಟರ್ಮ್ ಮುಗಿಯುವ ದಿನಕ್ಕಿಂತ ಮುಂಚೆ ಹೊರಡಲು ಶಾಲೆ ಬಿಡುವುದಿಲ್ಲ. ಟಿಕೆಟ್ ಅಗ್ಗ ಅಂತ ಎರಡು ದಿನ ಮುಂಚಿನದು ಕೊಂಡರೆ ದುಡ್ಡು ಹೋದಹಾಗೆ. ವಾಪಸ್ ಒಳಗೆ ಹೋಗಲು ಬೇಕಾದ ವಾಸದ ಪರವಾನಗಿ ಬಂದಿದೆಯಾ ನೋಡಿಕೊಳ್ಳಿ. ಯುರೋಪಿನ ಕೆಲವು ಕಡೆ ಆ ಕಾರ್ಡ್ ಬರಲು ತಿಂಗಳುಗಳು ಹಿಡಿಯುತ್ತವೆ.

ಆಧಾರ್ ಕೂಡ ನೆನಪಿರಲಿ. 15 ತುಂಬಿದ ಮೇಲೆ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತನ್ನು ಮತ್ತೆ ಕೊಡಬೇಕು. ಹೋಗುವ ಮುಂಚೆ ಮಾಡಿಸಿಲ್ಲವಾದರೆ ಈ ರಜೆಯಲ್ಲೇ ಮುಗಿಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಅಪ್ಪನದ್ದೋ ಅಮ್ಮನದ್ದೋ ಆಗಿರಲಿ. ಇಲ್ಲದಿದ್ದರೆ ಇಲ್ಲಿ ಯಾವ ಅರ್ಜಿ ಹಾಕಹೋದರೂ ಒಟಿಪಿ ಅಲ್ಲಿ ಯಾವುದೋ ಹಾಸ್ಟೆಲ್ ಡ್ರಾಯರ್‌ನಲ್ಲಿ ಆಫ್ ಆಗಿರುವ ಸಿಮ್‌ಗೆ ಹೋಗುತ್ತಿರುತ್ತದೆ.